ಹಿಂದಿನ ದಿನದ ಸೂತ್ರಕ್ಕೆ ಇಷ್ಟೊಂದು ಮರ್ಯಾದೆ ಏಕೆ?

ಕ್ರೂಸ್ ಪ್ರವಾಸಕ್ಕೆ ಟಿಕೆಟ್ ಮಾಡಿಸಿದವರ ಕಿವಿಗೆ ಮೊದಲು ಬೀಳುವ ಬುದ್ಧಿಮಾತು ಒಂದೇ: ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರು ಸೇರಿಕೊಳ್ಳಿ. ಟ್ರಾವೆಲ್ ಏಜೆಂಟರು ಇದನ್ನು ಹೇಳುತ್ತಾರೆ, ಪ್ರವಾಸ ಅಂಕಣಕಾರರು ಬರೆಯುತ್ತಾರೆ, ಒಮ್ಮೆ ಹೋಗಿ ಬಂದ ನೆಂಟರಂತೂ ಆಣೆ ಹಾಕಿಸಿಕೊಂಡೇ ಬಿಡುತ್ತಾರೆ. ಬೆಳಗ್ಗೆ ವಿಮಾನದಿಂದ ಇಳಿದು ಅದೇ ಮಧ್ಯಾಹ್ನ ಹಡಗು ಹತ್ತುವವರನ್ನು ಜೂಜಾಡುವವರೆಂದು ಗದರಿಸುವುದು ರೂಢಿಯಾಗಿದೆ. ಇಷ್ಟು ಒಮ್ಮತವಿರುವ ಸಲಹೆಯನ್ನು ಬಿಚ್ಚಿ ನೋಡುವವರು ಕಡಿಮೆ. ನೋಡಿದರೆ, ಅದು ಗಳಿಸಿರುವ ಹೆಸರಿಗೆ ತಕ್ಕ ತೂಕ ಅದರಲ್ಲಿಲ್ಲ ಎಂಬುದು ಬೇಗನೆ ತಿಳಿಯುತ್ತದೆ.

ಸೂತ್ರ ಸುಮ್ಮನೆ ಹುಟ್ಟಿದ್ದಲ್ಲ. ವಿಮಾನ ತಡವಾಗುತ್ತದೆ, ಬ್ಯಾಗು ಬೇರೆ ಊರಿಗೆ ಹೋಗುತ್ತದೆ, ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಹಿಂದಿನ ರಾತ್ರಿಯೇ ಬಂದು ಮಲಗಿದವರ ಬೆಳಗು ನೆಮ್ಮದಿಯದು ಎಂಬುದನ್ನೂ ಒಪ್ಪಬೇಕು. ತಕರಾರು ಇರುವುದು ಅಳತೆಗೋಲಿನ ಬಗ್ಗೆ. ಅಟ್ಲಾಂಟಾದಿಂದ ಬರುವವರಿಗೂ ಬೆಂಗಳೂರಿನಿಂದ ಬರುವವರಿಗೂ, ಮೇ ತಿಂಗಳಿಗೂ ಡಿಸೆಂಬರಿಗೂ ಒಂದೇ ದಿನ ಸಾಕು ಎನ್ನುವ ಅಳತೆ ಏನನ್ನೂ ಅಳೆಯುವುದಿಲ್ಲ.

ಜಗತ್ತಿನ ಕ್ರೂಸ್ ರಾಜಧಾನಿ ಎನಿಸಿಕೊಂಡ ಮಯಾಮಿಯನ್ನೇ ನೋಡೋಣ. ವಿಮಾನ ನಿಲ್ದಾಣದಿಂದ ಬಿಸ್ಕೇನ್ ಕೊಲ್ಲಿಯ ಡಾಡ್ಜ್ ದ್ವೀಪದಲ್ಲಿರುವ ಬಂದರಿಗೆ ಸುಮಾರು 13 ಕಿ.ಮೀ. 2014ರಲ್ಲಿ ಸಮುದ್ರದಡಿಯ ಸುರಂಗ ತೆರೆದ ಮೇಲೆ ಪೇಟೆಯ ಸಂದಣಿಗೆ ಸಿಕ್ಕದೆ ಹೋಗಬಹುದು. ಅಟ್ಲಾಂಟಾದಿಂದ ಇಲ್ಲಿಗೆ ಎರಡು ಗಂಟೆಯ ಹಾರಾಟ. ನಸುಕಿನ ವಿಮಾನ ರದ್ದಾದರೆ ಅದೇ ಬೆಳಗ್ಗೆ ಅದರ ಹಿಂದೆ ಇನ್ನಷ್ಟು ವಿಮಾನಗಳಿವೆ. ಮಯಾಮಿಗೆ ಸೀಟು ಸಿಗದಿದ್ದರೆ ಉತ್ತರಕ್ಕೆ 45 ಕಿ.ಮೀ. ದೂರದ ಫೋರ್ಟ್ ಲಾಡರ್‌ಡೇಲ್ ಇದೆ, ಅದರಾಚೆ ವೆಸ್ಟ್ ಪಾಮ್ ಬೀಚ್ ಇದೆ. ಈ ಮೂರೂ ಊರುಗಳನ್ನು ಬ್ರೈಟ್‌ಲೈನ್ ರೈಲು ಜೋಡಿಸುತ್ತದೆ. 2023ರ ಸೆಪ್ಟೆಂಬರಿನಿಂದ ಅದು ಒರ್ಲಾಂಡೋ ವಿಮಾನ ನಿಲ್ದಾಣದಿಂದಲೇ ಹೊರಡುತ್ತದೆ. ಇಂಥ ಪ್ರಯಾಣಿಕರಿಗೆ ಮೊದಲ ದಾರಿ ಮುಚ್ಚಿದರೂ ಎರಡನೆಯದು, ಮೂರನೆಯದು ಉಳಿದಿರುತ್ತದೆ. ಮಾಮೂಲಿ ವಾರದಲ್ಲಿ ಇವರಿಂದ ಒಂದು ರಾತ್ರಿಯ ಹೋಟೆಲ್ ಬಾಡಿಗೆ ಕಟ್ಟಿಸುವುದಕ್ಕೆ ಸಮರ್ಥನೆ ಇಲ್ಲ.

ಬೆಂಗಳೂರಿನಿಂದ ಹೊರಟ ಕುಟುಂಬದ ಲೆಕ್ಕ ಬೇರೆ. ಮಯಾಮಿಗೆ ನೇರ ವಿಮಾನವಿಲ್ಲ. ಕೊಲ್ಲಿಯಲ್ಲೋ ಯುರೋಪಿನಲ್ಲೋ ಒಂದು ಕನೆಕ್ಷನ್, ಹಲವು ಬಾರಿ ಅಮೆರಿಕದೊಳಗೆ ಇನ್ನೊಂದು. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಸಾಲು, ಅಲ್ಲೇ ಬ್ಯಾಗು ತೆಗೆದು ಮತ್ತೆ ಒಪ್ಪಿಸುವ ಕೆಲಸ. ಒಂದು ಕೊಂಡಿ ಕಳಚಿದರೆ ಮುಂದಿನ ವಿಮಾನ ಎಷ್ಟೋ ಸಲ ಮರುದಿನವೇ. ಬ್ಯಾಗು ಹಿಂದುಳಿದರಂತೂ ಅದು ಬರುವಷ್ಟರಲ್ಲಿ ಹಡಗು ಹೋಗಿರುತ್ತದೆ. ಬಂದರಿನಿಂದ ಬಂದರಿಗೆ ಬ್ಯಾಗು ಅಟ್ಟಿಸಿಕೊಂಡು ಬರಬೇಕು, ಅಷ್ಟು ದಿನ ಉಟ್ಟ ಬಟ್ಟೆಯೇ ಗತಿ. ಇವರಿಗೆ ಹಿಂದಿನ ದಿನದ ಸೂತ್ರ ಅಭಯ ಕೊಡುತ್ತದೆ, ಆದರೆ ಆ ಅಭಯಕ್ಕೆ ಆಧಾರವಿಲ್ಲ. ಹತ್ತಿರದವರಿಂದ ದುಡ್ಡು ಕೀಳುವ, ದೂರದವರಿಗೆ ಸಾಲದ ಧೈರ್ಯ ತುಂಬುವ ಸೂತ್ರ ಇದು.

ಸೂತ್ರದ ಪರ ನಿಲ್ಲುವವರು ದೊಡ್ಡ ಅವಘಡಗಳನ್ನೇ ಉದಾಹರಿಸುತ್ತಾರೆ. ಆ ಅವಘಡಗಳನ್ನೇ ಒಂದೊಂದಾಗಿ ನೋಡಿ. 2023ರ ಏಪ್ರಿಲ್ 12ರಂದು ಫೋರ್ಟ್ ಲಾಡರ್‌ಡೇಲ್‌ನಲ್ಲಿ ಒಂದೇ ದಿನ 25 ಇಂಚಿಗೂ ಹೆಚ್ಚು ಮಳೆ ಸುರಿಯಿತು. ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೆ ಕೂಗಳತೆಯಲ್ಲಿರುವ ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು ನಿಂತಿತು. ನಿಲ್ದಾಣ ಮತ್ತೆ ತೆರೆದದ್ದು 14ರ ಬೆಳಗ್ಗೆ. 14ರ ಹಡಗಿಗೆಂದು 13ಕ್ಕೆ ಟಿಕೆಟ್ ಮಾಡಿದ ವಿವೇಕಿಗಳಿಗೆ ಇಳಿಯಲು ನೆಲವೇ ಇರಲಿಲ್ಲ. 2022ರ ಡಿಸೆಂಬರಿನಲ್ಲಿ ಸೌತ್‌ವೆಸ್ಟ್ ಸಂಸ್ಥೆ ಹಬ್ಬದ ದಿನಗಳಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಹಾರಾಟ ರದ್ದು ಮಾಡಿತು. ಗೋಳು ವಾರಕ್ಕೂ ಮೇಲೆ ನಡೆಯಿತು. 2024ರ ಜುಲೈ 19ರ ಶುಕ್ರವಾರ ಕ್ರೌಡ್‌ಸ್ಟ್ರೈಕ್ ತಂತ್ರಾಂಶದ ದೋಷದಿಂದ ಕಂಪ್ಯೂಟರುಗಳು ಕೈಕೊಟ್ಟಾಗ ಡೆಲ್ಟಾ ಸಂಸ್ಥೆಯೊಂದೇ ಐದು ದಿನಗಳಲ್ಲಿ ಸುಮಾರು 7,000 ಹಾರಾಟ ಕೈಬಿಟ್ಟಿತು. ಅದು ವಾರಾಂತ್ಯದ ಹಡಗುಗಳ ಹಿಂದಿನ ದಿನ. ಹಿಂದಿನ ದಿನದ ಸೂತ್ರವನ್ನು ಚಾಚೂತಪ್ಪದೆ ಪಾಲಿಸಿದವರೇ ಅಂದು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಕೊಂಡರು.

ಈ ಮೂರರಲ್ಲೂ ಎದ್ದು ಕಾಣುವುದು ಬದಲಿ ದಾರಿಯ ಪ್ರಶ್ನೆ. ಮಳೆಯ ದಿನ ಮಯಾಮಿಗೆ ಬಂದು ರಸ್ತೆಯಲ್ಲಿ ಹೋಗಬಹುದಿತ್ತು. ಡಿಸೆಂಬರಿನಲ್ಲಿ ವೇಳಾಪಟ್ಟಿ ತುಂಬ ವಿಮಾನಗಳಿದ್ದರೂ ಸೀಟುಗಳೆಲ್ಲ ಮೊದಲೇ ಭರ್ತಿಯಾಗಿದ್ದವು. ಕಾಗದದ ಮೇಲಿನ ಬದಲಿ ವಿಮಾನ ಬದಲಿಯಲ್ಲ. ಹಾಗಾಗಿ ಬಂದರಿಗೆ ಯಾವಾಗ ತಲುಪಬೇಕು ಎಂಬುದಕ್ಕೆ ಕ್ಯಾಲೆಂಡರ್ ನೋಡುವ ಮೊದಲು ಕೇಳಬೇಕಾದ್ದು ಇಷ್ಟು: ಈ ವಿಮಾನ ಕೈಕೊಟ್ಟರೆ ಖಾಲಿ ಸೀಟಿರುವ ಎಷ್ಟು ಬೇರೆ ದಾರಿಗಳು ಗಡುವಿನೊಳಗೆ ಹಡಗಿಗೆ ಮುಟ್ಟಿಸುತ್ತವೆ?

ಗಡುವು ಯಾವುದು ಎಂಬಲ್ಲೇ ಸಲಹೆಗಾರರು ಅತ್ಯಂತ ಉದಾಸೀನ ತೋರುತ್ತಾರೆ. ಟಿಕೆಟ್ ಮೇಲೆ ‘ನಿರ್ಗಮನ: ಸಂಜೆ 4.30’ ಎಂದು ಅಚ್ಚಾಗಿರುತ್ತದೆ. ಈ ಒಂದು ಸಾಲನ್ನು ನಿಧಾನವಾಗಿ ಓದಬೇಕು, ಏಕೆಂದರೆ ಹಡಗು ತಪ್ಪಿಸಿಕೊಳ್ಳುವ ಬೀಜ ಇಲ್ಲಿದೆ. ನಾಲ್ಕೂವರೆ ಎಂಬುದು ಹಗ್ಗ ಬಿಚ್ಚುವ ಹೊತ್ತು. ಅಮೆರಿಕದ ಗಡಿ ಮತ್ತು ಸುಂಕ ಇಲಾಖೆಯ ನಿಯಮದಂತೆ, ಹೊರಡುವ ಕನಿಷ್ಠ 60 ನಿಮಿಷ ಮೊದಲು ಪ್ರಯಾಣಿಕರ ಅಂತಿಮ ಪಟ್ಟಿ ಇಲಾಖೆಗೆ ಸೇರಿರಬೇಕು. ಆ ಪಟ್ಟಿ ಮುಚ್ಚಲು ಕಂಪನಿಗೂ ಸಮಯ ಬೇಕು. ಹೀಗಾಗಿ ಚೆಕ್-ಇನ್ ಕೌಂಟರ್ ಮುಚ್ಚುವುದು ಒಂದರಿಂದ ಒಂದೂವರೆ ಗಂಟೆ ಮೊದಲು. ಲೆಕ್ಕಕ್ಕೆ ಮೂರು ಗಂಟೆ ಎಂದು ಹಿಡಿಯಿರಿ. ಮೂರೂಕಾಲಿಗೆ ಬಂದವರ ಎದುರಿಗೇ ಹಡಗು ನಿಂತಿರುತ್ತದೆ, ಮೆಟ್ಟಿಲುಸೇತುವೆಯೂ ಕಾಣುತ್ತದೆ, ಆದರೆ ಹೆಸರು ಪಟ್ಟಿಯಲ್ಲಿಲ್ಲ.

ಈಗ ಬೆಳಗ್ಗೆ 11ಕ್ಕೆ ಮಯಾಮಿಯಲ್ಲಿ ಇಳಿಯುವ ದೇಶೀಯ ವಿಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬಾಗಿಲು ತೆರೆಯಲು, ಬ್ಯಾಗು ಬರಲು, ಟ್ಯಾಕ್ಸಿ ಹಿಡಿಯಲು, ವಾರಾಂತ್ಯದಲ್ಲಿ ಐದಾರು ಹಡಗುಗಳ ಜನ ಒಟ್ಟಿಗೆ ನುಗ್ಗುವ ಬಂದರಿನ ರಸ್ತೆ ದಾಟಲು ಒಂದೂವರೆ ಗಂಟೆ. ಹನ್ನೆರಡೂವರೆಗೆ ಟರ್ಮಿನಲ್. ಟಿಕೆಟ್ ಮೇಲಿನ ಹೊತ್ತನ್ನು ನಂಬಿದವರು ನಾಲ್ಕು ಗಂಟೆ ಬಿಡುವಿದೆ ಎಂದುಕೊಳ್ಳುತ್ತಾರೆ. ನಿಜವಾಗಿ ಇರುವುದು ಎರಡೂವರೆ. ವಿದೇಶದಿಂದ ನೇರ ಬಂದವರಿಗೆ ಇಮಿಗ್ರೇಷನ್ ಸಾಲು ಅದರಲ್ಲೂ ಒಂದು ಗಂಟೆ ನುಂಗಬಹುದು. ಎಲ್ಲ ಬಂದರುಗಳು ಮಯಾಮಿಯಷ್ಟು ಹತ್ತಿರವೂ ಅಲ್ಲ. ಒರ್ಲಾಂಡೋ ನಿಲ್ದಾಣದಿಂದ ಪೋರ್ಟ್ ಕನಾವೆರಲ್‌ಗೆ ಸುಮಾರು 70 ಕಿ.ಮೀ.; ಹ್ಯೂಸ್ಟನ್‌ನ ದೊಡ್ಡ ನಿಲ್ದಾಣದಿಂದ ಗ್ಯಾಲ್ವೆಸ್ಟನ್‌ಗೆ ನೂರು ಕಿ.ಮೀ.ಗೂ ಮೇಲೆ, ರೋಮ್ ಎಂದು ಬ್ರೋಷರ್‌ನಲ್ಲಿ ಬರೆದಿದ್ದರೂ ಹಡಗು ನಿಂತಿರುವುದು ಫ್ಯೂಮಿಚಿನೋ ನಿಲ್ದಾಣದಿಂದ ಅರವತ್ತು ಕಿ.ಮೀ.ಗೂ ಆಚೆಯ ಚಿವಿತಾವೆಕ್ಕಿಯಾದಲ್ಲಿ.

ಗಡುವು ಬರೀ ಗುಮಾಸ್ತಿಕೆಯ ಕಿರಿಕಿರಿ ಎಂದು ಬೈಯುವವರು ಅದೇ ಚಿವಿತಾವೆಕ್ಕಿಯಾವನ್ನು ನೆನೆಯಬೇಕು. 2012ರ ಜನವರಿ 13ರ ಸಂಜೆ ಅಲ್ಲಿಂದ ಹೊರಟ ಕೋಸ್ಟಾ ಕಾಂಕಾರ್ಡಿಯಾ ಅದೇ ರಾತ್ರಿ ಜಿಲಿಯೋ ದ್ವೀಪದ ಬಂಡೆಗೆ ಬಡಿಯಿತು; 32 ಜನ ಸತ್ತರು. ಅಂದು ಹತ್ತಿದ್ದ ಸುಮಾರು 700 ಜನರಿಗೆ ಸುರಕ್ಷತಾ ಅಭ್ಯಾಸ ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮುಗಿಸಿದರೆ ಸಾಕು ಎಂಬ ಆಗಿನ ನಿಯಮದ ಪ್ರಕಾರ ಅದು ಮರುದಿನಕ್ಕಿತ್ತು. 2015ರ ಜನವರಿ 1ರಿಂದ ಅಂತಾರಾಷ್ಟ್ರೀಯ ನಿಯಮ ಬದಲಾಯಿತು: ಅಭ್ಯಾಸ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಬೇಕು. ಕೊನೆಯ ಗಳಿಗೆಯಲ್ಲಿ ಓಡಿ ಬಂದವರಿಗೂ ತಮ್ಮ ಜೀವರಕ್ಷಕ ದೋಣಿ ಎಲ್ಲಿದೆ ಎಂದು ಗೊತ್ತಿರಲೇಬೇಕು. ಗಡುವಿಗೂ ನಿರ್ಗಮನಕ್ಕೂ ನಡುವಿನ ಗಂಟೆಯಲ್ಲಿ ನಡೆಯುವ ಕೆಲಸಗಳಲ್ಲಿ ಇದೂ ಒಂದು.

ಕ್ಯಾಪ್ಟನ್ ಹತ್ತು ನಿಮಿಷ ಕಾಯಬಾರದೇ? ಹಡಗಿಗೆ ದಾರಿ ತೋರುವ ಬಿಸ್ಕೇನ್ ಕೊಲ್ಲಿಯ ಪೈಲಟ್ ನಿಗದಿತ ಹೊತ್ತಿಗೆ ಹಡಗು ಏರಿರುತ್ತಾರೆ, ಹೊರಹೋಗುವ ಕಾಲುವೆಯಲ್ಲಿ ಹಡಗುಗಳ ಸರದಿ ಇದೆ, ಮುಂದಿನ ಬಂದರಿನಲ್ಲಿ ಜಾಗ ಗೊತ್ತಾಗಿದೆ. ಕಳೆದ ಸಮಯವನ್ನು ವೇಗದಿಂದ ತುಂಬೋಣ ಎಂದರೆ, ಹಡಗಿಗೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ವೇಗ ಶೇ. 10 ಹೆಚ್ಚಿಸಲು ಶಕ್ತಿ ಸುಮಾರು ಮೂರನೇ ಒಂದರಷ್ಟು ಹೆಚ್ಚು ಬೇಕು.

ಇಲ್ಲಿ ಎರಡನೇ ಪಂಗಡದೊಂದಿಗೆ ಜಗಳ ಆಡಲೇಬೇಕು. ಇವರು ಹಿಂದಿನ ದಿನದ ಸೂತ್ರವನ್ನು ತಳ್ಳಿಹಾಕುವವರೇ, ಆದರೆ ಇವರ ಕಾರಣ ಇನ್ನೂ ಕೆಟ್ಟದ್ದು: ಹಡಗು ತಪ್ಪಿದರೆ ಮುಂದಿನ ಬಂದರಿನಲ್ಲಿ ಹಿಡಿದರಾಯಿತು, ಕ್ರೂಸ್ ಕಂಪನಿಯ ಮೂಲಕವೇ ವಿಮಾನ ಬುಕ್ ಮಾಡಿದರೆ ಹಡಗೇ ಕಾಯುತ್ತದೆ! ರಾಯಲ್ ಕೆರಿಬಿಯನ್‌ನ ‘ಏರ್‌ಟುಸೀ’ಯಂಥ ಯೋಜನೆಗಳು ಕೊಡುವ ಭರವಸೆ ಪ್ರಯಾಣಿಕರನ್ನು ಹಡಗಿಗೋ ಮುಂದಿನ ಬಂದರಿಗೋ ತಲುಪಿಸುವುದು. ಆ ಭರವಸೆಗೆ ಬೆಲೆ ಇದೆ. ಕಾಯುತ್ತೇವೆ ಎಂಬ ಮಾತು ಅದರಲ್ಲಿಲ್ಲ.

ಮುಂದಿನ ಬಂದರು ಎಂಬುದೂ ಅಷ್ಟು ಸಲೀಸಲ್ಲ. ಅಮೆರಿಕದಲ್ಲಿ 1886ರ ಪ್ರಯಾಣಿಕ ಹಡಗು ಸೇವಾ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದವರನ್ನು ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸಬೇಕಾದರೆ, ನಡುವೆ ‘ದೂರದ’ ವಿದೇಶಿ ಬಂದರೊಂದನ್ನು ಮುಟ್ಟಿರಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ಬಹಾಮಾಸ್, ಪನಾಮಾ, ಮಾಲ್ಟಾ, ಬರ್ಮುಡಾ ಧ್ವಜದವು. ಮಯಾಮಿಯಲ್ಲಿ ಹಡಗು ತಪ್ಪಿಸಿಕೊಂಡವರು ಮರುದಿನ ಕಾರಿನಲ್ಲಿ ಕೀ ವೆಸ್ಟ್‌ಗೆ ಹೋಗಿ ಹತ್ತಿದರು ಎನ್ನಿ. ಅಲ್ಲಿಂದ ಹಡಗು ಮೆಕ್ಸಿಕೊದ ಕೊಜುಮೆಲ್‌ಗೆ ಹೋಗಿ ಮಯಾಮಿಗೆ ಮರಳುತ್ತದೆ. ಕಾನೂನಿನ ಕಣ್ಣಿಗೆ ಕೊಜುಮೆಲ್ ‘ಹತ್ತಿರದ’ ಬಂದರು. ಕೀ ವೆಸ್ಟ್‌ನಿಂದ ಮಯಾಮಿಗೆ ಸಾಗಿಸಿದ್ದು ಉಲ್ಲಂಘನೆ, ತಲೆಗಿಷ್ಟು ದಂಡ. ಬಹಾಮಾಸ್ ಮತ್ತು ಬಹುತೇಕ ಕ್ಯಾರಿಬಿಯನ್ ದ್ವೀಪಗಳೂ ಹತ್ತಿರದವೇ. ಅರೂಬಾ, ಬೊನೇರ್, ಕುರಸಾವ್ ಮಾತ್ರ ದೂರದ ಲೆಕ್ಕಕ್ಕೆ ಸೇರುತ್ತವೆ.

ಅಲಾಸ್ಕಾ ದಾರಿ ಇನ್ನೂ ಬಿಗಿ. ಸಿಯಾಟಲ್‌ನಲ್ಲಿ ಹಡಗು ತಪ್ಪಿದವರಿಗೆ ಹಲವು ಪ್ರವಾಸಗಳಲ್ಲಿ ಜೂನೋ ಮೊದಲ ಬಂದರು. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನದಲ್ಲೋ ಫೆರಿಯಲ್ಲೋ ಹೋಗಬೇಕು. ಹೋದರೂ, ಜೂನೋದಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿಯುವುದಕ್ಕೆ ಅದೇ 1886ರ ಕಾಯ್ದೆ ಅಡ್ಡ ಬರುತ್ತದೆ, ನಡುವೆ ಕೆನಡಾದ ವಿಕ್ಟೋರಿಯಾ ಸಿಕ್ಕರೂ. ಮಯಾಮಿಯಿಂದ ಮೂರ್ನಾಲ್ಕು ರಾತ್ರಿಯ ಕಿರು ಪ್ರವಾಸಗಳಲ್ಲಿ ಮೊದಲ ನಿಲುಗಡೆ ಬಹಾಮಾಸ್‌ನ ಕೊಕೊಕೇಯಂಥ ಕಂಪನಿಯ ಸ್ವಂತ ದ್ವೀಪವಾಗಿರಬಹುದು. ಅಲ್ಲಿಗೆ ಪ್ರಯಾಣಿಕ ವಿಮಾನವೇ ಇಲ್ಲ. ಇದನ್ನೆಲ್ಲ ಹೇಳದೆ ‘ಮುಂದಿನ ಬಂದರಿನಲ್ಲಿ ಹಿಡಿಯಿರಿ’ ಎನ್ನುವುದು ಹೊಣೆಗೇಡಿತನ.

ಬೆಳಗ್ಗೆ ಹತ್ತೂವರೆಗೇ ಟರ್ಮಿನಲ್ ಬಾಗಿಲಲ್ಲಿ ನಿಂತು ಮೊದಲಿಗರಾಗಿ ಹತ್ತಬೇಕು ಎನ್ನುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಗಿನ್ನೂ ಹಿಂದಿನ ಪ್ರವಾಸದ ಸಾವಿರಾರು ಜನ ಇಳಿದು ಮುಗಿದಿರುತ್ತಾರಷ್ಟೆ. ಕೋಣೆ ಸಿಗುವುದು ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆಗೆ. ಅಲ್ಲಿಯವರೆಗೆ ಕೈಚೀಲ ಹಿಡಿದು ಬಫೆಯ ಸಾಲಿನಲ್ಲಿ ನಿಲ್ಲಬೇಕು. ಊರಲ್ಲೇ ಇರುವವರಿಗೆ ಹನ್ನೆರಡೂವರೆ, ಒಂದರ ಹೊತ್ತು ಒಳ್ಳೆಯದು.

ಕನ್ನಡಿಗರಿಗೆ ಹೆಚ್ಚು ಹತ್ತಿರದ ಪ್ರಶ್ನೆ ಸಿಂಗಪುರದ್ದು. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ನೇರ ಹಾರಾಟ. ರಾತ್ರಿ ಹೊರಟರೆ ಬೆಳಗಿನ ಜಾವ ಚಾಂಗಿಯಲ್ಲಿ ಇಳಿಯಬಹುದು. ಅಲ್ಲಿಂದ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯ ಆಸುಪಾಸು, ಹಡಗು ಹೊರಡುವುದು ಸಂಜೆಯತ್ತ. ಎಂಟು ಹತ್ತು ಗಂಟೆ ಬಿಡುವು ಕಂಡು ಮನಸ್ಸು ಹಗುರವಾಗುತ್ತದೆ. ಬದಲಿ ದಾರಿಯ ಲೆಕ್ಕ ಹಾಕಿದರೆ ಈ ಬಿಡುವು ಅಷ್ಟು ಗಟ್ಟಿಯಲ್ಲ. ಆ ರಾತ್ರಿ ವಿಮಾನ ರದ್ದಾಗಿ ಮರುದಿನ ಬೆಳಗ್ಗೆ ಹತ್ತಕ್ಕೆ ಬೇರೊಂದು ಸಿಕ್ಕಿತು ಎನ್ನಿ. ಎರಡೂವರೆ ಗಂಟೆಯ ಕಾಲವ್ಯತ್ಯಾಸವೂ ಸೇರಿ ಅದು ಇಳಿಯುವಾಗ ಅಲ್ಲಿ ಸಂಜೆ ಐದು. ಚೆಕ್-ಇನ್ ಮುಚ್ಚಿರುತ್ತದೆ. ಇಲ್ಲಿ ಬದಲಿ ಸೊನ್ನೆ. ಹಿಂದಿನ ದಿನ ಬೆಳಗ್ಗೆಯ ವಿಮಾನ ಹಿಡಿದರೆ ಅದೇ ರಾತ್ರಿಯ ವಿಮಾನ ಬದಲಿಯಾಗಿ ಉಳಿಯುತ್ತದೆ; ಒಂದು ರಾತ್ರಿಯ ಹೋಟೆಲ್ ಬಾಡಿಗೆ ಕೊಳ್ಳುವುದು ಆ ಬದಲಿಯನ್ನು. ಹಾಗೆಂದು ಹಿಂದಿನ ದಿನವೆಲ್ಲ ಒಂದೇ ಎಂದಲ್ಲ: ಹಿಂದಿನ ದಿನ ಸಂಜೆ ಹೊರಡುವವರಿಗೆ ಉಳಿಯುವುದು ಅದೇ ರಾತ್ರಿಯ ಒಂದೆರಡು ವಿಮಾನ, ಅದೂ ಶಾಲಾ ರಜೆಯ ದಿನಗಳಲ್ಲಿ ಸೀಟಿದ್ದರೆ. ಸಿಂಗಪುರದಲ್ಲಿ ಹಡಗು ತಪ್ಪಿ, ಅದರ ಮುಂದಿನ ಬಂದರು ಪೆನಾಂಗ್ ಆಗಿದ್ದರೆ, ಅಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿದೆ, ಅಮೆರಿಕದ ಕಾಯ್ದೆಯಂಥ ಅಡ್ಡಿ ಆ ದಾರಿಯಲ್ಲಿಲ್ಲ. ಕಂಪನಿ ಒಪ್ಪಿದರೆ ಅಲ್ಲಿ ಹಡಗು ಹಿಡಿಯುವುದು ಸಾಧ್ಯ. ಆದರೆ ಮೂರು ರಾತ್ರಿಯ ಪ್ರವಾಸದಲ್ಲಿ ಮೊದಲ ರಾತ್ರಿ ಹೋದ ಮೇಲೆ ಉಳಿಯುವುದು ಎರಡೇ, ಮತ್ತು ಆ ಹೆಚ್ಚುವರಿ ಟಿಕೆಟ್ಟಿನ ದುಡ್ಡು ಸಿಂಗಪುರದ ಒಂದು ರಾತ್ರಿಯ ಕೋಣೆಗಿಂತ ಕಡಿಮೆಯಾಗುವುದು ಅಪರೂಪ.