ಓಡುವ ಕುದುರೆ, ಹೆಪ್ಪುಗಟ್ಟಿದ ಕುದುರೆ

ನೀತಿಕಥೆಯ ಪ್ರಾಣಿಗಳು ಮನುಷ್ಯನ ಗುಣಾವಗುಣಗಳನ್ನು ಹೊತ್ತು ನಡೆಯುವಂಥವು. ನೀತಿ ತಿಳಿಯುತ್ತಲೇ ಅವುಗಳ ಕೆಲಸ ಮುಗಿಯುತ್ತದೆ. 1917ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ 2011ರಲ್ಲಿ ಮೆಕ್ಸಿಕೊದಲ್ಲಿ ನಿಧನಳಾದ ಚಿತ್ರಕಾರ್ತಿ ಲಿಯೊನೋರಾ ಕ್ಯಾರಿಂಗ್ಟನ್ನಳ ಪ್ರಾಣಿಗಳು ಆ ಬಗೆಯವಲ್ಲ. ಅವುಗಳನ್ನು ಸಂಕೇತಗಳೆಂದಷ್ಟೇ ಬಿಡಿಸಿಟ್ಟು ಸುಮ್ಮನಾಗುವ ವಿಮರ್ಶೆ ಚಿತ್ರದ ಅರ್ಧವನ್ನು ಮಾತ್ರ ಕಂಡಿರುತ್ತದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, 1937-38ರ ಸುಮಾರಿನ ಆಕೆಯ ಆತ್ಮಚಿತ್ರವನ್ನು ನೋಡಬೇಕು. ಕೆದರಿದ ಕೂದಲಿನ ತರುಣಿ ಕುದುರೆ ಸವಾರಿಯ ಬಿಳಿಯ ಷರಾಯಿ ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದಾಳೆ. ಚಾಚಿದ ಕೈಯೆದುರು ಕೆಚ್ಚಲು ತುಂಬಿದ ಹೆಣ್ಣು ಕತ್ತೆಕಿರುಬ. ತಲೆಯ ಹಿಂದೆ, ಗೋಡೆಯ ಬಳಿ, ಬಾಲವಿಲ್ಲದ ಬಿಳಿಯ ಮರಗುದುರೆ. ಕಿಟಕಿಯಾಚೆ ನಾಗಾಲೋಟದ ಬಿಳಿಗುದುರೆ. ಮರಗುದುರೆ ಸಿರಿವಂತ ಮನೆಯ ಬಾಲ್ಯ, ಓಡುವ ಕುದುರೆ ಸ್ವಾತಂತ್ರ್ಯ ಎನ್ನುವುದು ಸುಲಭ, ತಪ್ಪೂ ಅಲ್ಲ. ಆದರೆ ಕತ್ತೆಕಿರುಬ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅದು ಅವಳ ಭಂಗಿಯನ್ನೇ ತಾಳಿ, ಅವಳಂತೆಯೇ ನೋಡುಗನನ್ನು ದಿಟ್ಟಿಸುತ್ತದೆ. ಕುದುರೆಯಲ್ಲಿ ತನ್ನನ್ನು ಕಂಡುಕೊಳ್ಳುವುದು ಯಾರಿಗೂ ಹಿತವೇ. ಹೆಣ ತಿನ್ನುವ, ಲೋಕ ಹೇಸುವ ಮೃಗವನ್ನು ತನ್ನ ಜೋಡಿಯೆಂದು ಒಪ್ಪಲು ಬೇರೆಯೇ ಎದೆಗಾರಿಕೆ ಬೇಕು. ಆಕೆಯ ಒಂದು ಕಥೆಯಲ್ಲಿಯೂ ಹುಡುಗಿಯೊಬ್ಬಳು ತಾನೊಲ್ಲದ ನೃತ್ಯಕೂಟಕ್ಕೆ ಕತ್ತೆಕಿರುಬವನ್ನು ತನ್ನ ಉಡುಪಿನಲ್ಲಿ ಕಳುಹಿಸುತ್ತಾಳೆ. ಅದರ ನಾತವನ್ನು ಮಾತ್ರ ಉಡುಪು ಮುಚ್ಚಲಾರದು.

1937ರಲ್ಲಿ ಆಕೆ ಲಂಡನ್ನಿನಲ್ಲಿ ಭೇಟಿಯಾದ ಮ್ಯಾಕ್ಸ್ ಎರ್ನ್ಸ್ಟ್ ಅವಳಿಗಿಂತ 26 ವರ್ಷ ಹಿರಿಯ, ಅತಿವಾಸ್ತವವಾದಿ ಪಂಥದ ಹೆಸರಾಂತ ಕಲಾವಿದ. ತನ್ನನ್ನು ಲೊಪ್‌ಲೊಪ್ ಎಂಬ ಹಕ್ಕಿಯಾಗಿ ಚಿತ್ರಿಸಿಕೊಳ್ಳುವುದು ಆತನ ರೂಢಿ. ಇಬ್ಬರೂ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಮನೆ ಮಾಡಿದ್ದರು. 1939ರ ಸುಮಾರಿಗೆ ಆಕೆ ಬರೆದ ಎರ್ನ್ಸ್ಟನ ಭಾವಚಿತ್ರದಲ್ಲಿ ಹಕ್ಕಿಯ ಹಾರಾಟವಿಲ್ಲ. ಹಿಮದ ಬಯಲಿನಲ್ಲಿ ಆತ ಮೀನಿನ ಬಾಲದಂತೆ ಕೊನೆಗೊಳ್ಳುವ ಕೆಂಪು ನಿಲುವಂಗಿ ತೊಟ್ಟು ನಡೆದಿದ್ದಾನೆ. ಕೈಯಲ್ಲೊಂದು ಲಾಂದ್ರ; ಅದರೊಳಗೆ ಪುಟ್ಟ ಕುದುರೆ. ಹಿಂದೆ ಬಿಳಿಗುದುರೆಯೊಂದು ಹೆಪ್ಪುಗಟ್ಟಿ ನಿಂತಿದೆ.

ಎರ್ನ್ಸ್ಟನ ಹಕ್ಕಿ ಆತನ ಮುಖವಾಡ. ಕ್ಯಾರಿಂಗ್ಟನ್ನಳ ಕುದುರೆಯಾದರೋ ಸಂಬಂಧಕ್ಕೆ ತಕ್ಕಂತೆ ಮಾರ್ಪಡುವ ಜೀವ: ಒಂಟಿಯಾಗಿದ್ದಾಗ ಓಡುತ್ತದೆ, ಪ್ರಿಯನ ಬೆನ್ನ ಹಿಂದೆ ಮರಗಟ್ಟುತ್ತದೆ, ಅವನ ಕೈಯಲ್ಲಿ ದಾರಿಗೆ ದೀಪವಾಗುತ್ತದೆ. ಅವನು ಅವಳನ್ನು ಕಾಪಾಡುತ್ತಿರುವನೋ ಸೆರೆಯಲ್ಲಿಟ್ಟಿರುವನೋ, ಚಿತ್ರ ತೀರ್ಪು ಕೊಡುವುದಿಲ್ಲ. ಅದರ ಪ್ರಾಮಾಣಿಕತೆ ಇರುವುದೇ ಅಲ್ಲಿ. ಈ ಹಿಮವನ್ನು ಯುದ್ಧಕಾಲದ ವಿಯೋಗದ ಫಲವೆಂದು ಓದುವುದು ಸಲ್ಲದು. ಎರ್ನ್ಸ್ಟನ ಎರಡನೆಯ ಬಂಧನ, ಆಕೆಯ ಚಿತ್ತಕ್ಷೋಭೆ, ಸ್ಪೇನಿನ ಸಾಂತಾಂದೇರ್ ಚಿಕಿತ್ಸಾಲಯದ ಯಾತನೆ, ಇವೆಲ್ಲವೂ 1940ರ ಸಂಗತಿಗಳು. ಕುದುರೆ ಹೆಪ್ಪುಗಟ್ಟಿದ್ದು ಅದಕ್ಕೂ ಮೊದಲೇ, ಇಬ್ಬರೂ ಒಂದೇ ಸೂರಿನಡಿ ಬಾಳಿದ ದಿನಗಳ ಆಸುಪಾಸಿನಲ್ಲಿ.