ಆಟದ ವ್ಯಾಪಾರದಲ್ಲಿ ರೈತ ಎಲ್ಲಿ?

ಮೊಮ್ಮಗ ಕಂಪ್ಯೂಟರಿನಲ್ಲಿ ಆಡೋ ‘ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್’ ಆಟವನ್ನು ನಾಲ್ಕು ರಾತ್ರಿ ಕೂತು ನೋಡಿದೆ. 2010ರಲ್ಲಿ ಟರ್ಕಿಯವರು ಮಾಡಿದ್ದು. ಒಂದೂರಲ್ಲಿ ಅಗ್ಗಕ್ಕೆ ಉಪ್ಪು, ಕಬ್ಬಿಣ ಕೊಂಡು ಇನ್ನೊಂದೂರಲ್ಲಿ ಮಾರಬೇಕು. ಒಂದೇ ಕಡೆ ಸುರಿದರೆ ದರ ಇಳೀತದೆ. ಇದು ನಿಜ. ನಮ್ಮ ಒಡ್ಡನ್‌ಛತ್ರಂ ಮಾರ್ಕೆಟ್ಟಿಗೆ ತಕ್ಕಾಳಿ ಜಾಸ್ತಿ ಬಂದ ದಿನ ಕೇರಳದ ವ್ಯಾಪಾರಿಯೂ ಮುಖ ತಿರುಗಿಸ್ತಾನೆ. ದಾರಿಗಳ್ಳರನ್ನೂ ಚೆನ್ನಾಗಿ ಇಟ್ಟವ್ರೆ.

ಆದರೆ ಆಟದ ಹಳ್ಳಿ ರೈತರು ಗುಂಪುಕಟ್ಟಿ ಪಟ್ಟಣಕ್ಕೆ ಸರಕು ಒಯ್ತಾರಲ್ಲ, ಅವರ ಕೈಗೆ ಏನು ಬಂತು ಅಂತ ತೋರಿಸೋದೇ ಇಲ್ಲ. ನಾವು ಹಾಡೋ ಪದಗಳಲ್ಲಾದರೆ ಸಂತೆಯಿಂದ ಬಂದವನನ್ನು ಮನೆಯವಳು ಮೊದಲು ಕೇಳೋದು ಅದನ್ನೇ. ಒಂದು ಸಲ ನುಗ್ಗೆಕಾಯಿ ಮಾರಿ, ಕಮಿಷನ್, ಕೂಲಿ ಕಳೆದು, ವ್ಯಾನ್ ಬಾಡಿಗೆಯನ್ನು ನಾನೇ ಕೈಯಿಂದ ಕೊಟ್ಟೆ.

“ಇದರಲ್ಲಿ ರೈತನಾಗಿ ಆಡೋದು ಹೆಂಗಪ್ಪ?” ಅಂದೆ.

“ಅದಿಲ್ಲ ತಾತ” ಅಂದು ಅವನು ಉಪ್ಪು ಮಾರೋಕೆ ಹೋದ.