ದಾರಿ ಚಿಕ್ಕದಾದಾಗ ಊರು ಎಲ್ಲಿ ಹೋಯಿತು? ಕಾಸರಗೋಡಿನ ಕನ್ನಡ ಕಡತಗಳ ಒಂದು ಓದು

ಸ್ಕ್ರೀನ್ ಕಾಣಿಸ್ತಾ ಇದೆ ಅಂದ್ಕೋತೀನಿ. ನಾನಿವತ್ತು ಕವಿತೆಯನ್ನೋ ಕಾದಂಬರಿಯನ್ನೋ ಓದ್ತಾ ಇಲ್ಲ. ಕಂಪ್ಯೂಟರಿನಲ್ಲಿ ಕಡತ ಇರುವ ಜಾಗವನ್ನು ಹೇಳುವ ಸಾಲು ಇದೆಯಲ್ಲ, ಫೈಲ್ ಪಾಥ್, ಅದನ್ನೇ ಒಂದು ಪಠ್ಯ ಅಂತ ಓದೋದು ನನ್ನ ಉದ್ದೇಶ.

ಕಾಸರಗೋಡಿನ ಲೇಖಕರ ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೆ. ‘ಕೇರಳ/ಕಾಸರಗೋಡು/ಮಂಜೇಶ್ವರ/ಮುನ್ನುಡಿ’ ಅನ್ನೋ ಥರದ ಉದ್ದುದ್ದ ದಾರಿಗಳು. ಬೇಸರವಾಗಿ, ಹೆಸರು ಚಿಕ್ಕದು ಮಾಡೋಣ ಅಂತ ಸ್ಕ್ರಿಪ್ಟ್ ಬರೆದೆ. ಅದರ ಜೀವಾಳ ಮೂರೇ ಚಿಹ್ನೆ: .*/ ಅಂದರೆ ಕೊನೆಯ ಓರೆಗೆರೆವರೆಗೆ ಏನೇ ಇರಲಿ, ತೆಗೆದುಹಾಕು. ಈ ನಕ್ಷತ್ರ ಚಿಹ್ನೆ ದುರಾಸೆಯದ್ದು, ಎಷ್ಟು ಸಿಗುತ್ತೋ ಅಷ್ಟನ್ನೂ ನುಂಗುತ್ತೆ. 212 ಕಡತ ಇದ್ದವು, ಮುಗಿದಾಗ 197. ಬೇರೆ ಬೇರೆ ಊರಿನ ಫೋಲ್ಡರುಗಳಲ್ಲಿದ್ದ ‘ಮುನ್ನುಡಿ’ಗಳೆಲ್ಲ ಒಂದೇ ಹೆಸರಾಗಿ, ಒಂದರ ಮೇಲೊಂದು ಬಿದ್ದು ಅಳಿಸಿಹೋದವು. ಪ್ರತಿ ಇತ್ತು, ಬಚಾವಾದೆ. ಆದರೆ ಪ್ರಶ್ನೆ ಉಳೀತು: ನಾನು ಅಳಿಸಿದ್ದು ಬರೀ ವಿಳಾಸವನ್ನೋ, ಅರ್ಥವನ್ನೋ?

ಎರಡನೇ ಸಲ ಹುಷಾರಾಗಿ, ಪದಾಕ್ಷರವಲ್ಲದ್ದನ್ನೆಲ್ಲ ಅಡಿಗೆರೆ ಮಾಡು ಅಂತ ಪೈಥಾನಿಗೆ ಹೇಳಿದೆ. ‘ಮಂಜೇಶ್ವರ’ ಹೋಗಿ ‘ಮ_ಜ_ಶ_ವರ’ ಬಂತು. ಪೈಥಾನಿನ ಸಾಮಾನ್ಯ ರೆಜೆಕ್ಸ್ ನಮ್ಮ ಸ್ವರಚಿಹ್ನೆ, ಅನುಸ್ವಾರ, ವಿರಾಮಗಳನ್ನು ಪದದ ಭಾಗ ಅಂತ ಎಣಿಸೋದಿಲ್ಲ. ಇನ್ನೊಂದು ತೊಡಕು ‘ಕಾಸರಗೋಡು’ ಪದದಲ್ಲೇ ಇದೆ. ಅದರ ‘ಗೋ’ದಲ್ಲಿರುವ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಎರಡು ಊರು! ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಹುಡುಕಬೇಕು. ಇಂಥ ಸರಳೀಕರಣ ನ್ಯಾಯವಾದದ್ದೇ, ಯಾಕಂದ್ರೆ ಓದುಗನಿಗೆ ಕಾಣುವ ಯಾವುದನ್ನೂ ಅದು ಬದಲಿಸೋದಿಲ್ಲ.

ತಕರಾರು ಇರೋದು ಮುಂದಿನ ಹೆಜ್ಜೆಯಲ್ಲಿ. ‘ಮಂಜೇಶ್ವರಂ’ ಅಂತಲೂ ಕೆಲವು ಫೋಲ್ಡರ್ ಇದ್ದವು. ಕೊನೆಯ ಸೊನ್ನೆ ತೆಗೆದರೆ ಎಲ್ಲ ಒಂದಾಗುತ್ತೆ, ಹುಡುಕೋದು ಸುಲಭ. ಆದರೆ ಆ ಸೊನ್ನೆ ಕೈತಪ್ಪಲ್ಲ, ಊರಿಗೆ ಮಲಯಾಳದಲ್ಲಿರುವ ಹೆಸರು. ಆ ಪುಟ ಯಾರ ಕೈಯಿಂದ, ಯಾವ ಕಚೇರಿಯ ಭಾಷೆಯಿಂದ ಬಂತು ಅನ್ನೋದಕ್ಕೆ ಅದೇ ಸಾಕ್ಷಿ. ಕಯ್ಯಾರರ ಹೆಸರೂ ಹಾಗೇ. ಕಿಞ್ಞಣ್ಣ, ಕಿಂಞಣ್ಣ ಅಂತ ಬೇರೆ ಬೇರೆ ಕಾಗುಣಿತ ಸಿಗುತ್ತವೆ. ಒಂದನ್ನು ‘ಸರಿ’ ಮಾಡಿದರೆ ಉಳಿದ ಅಚ್ಚುಗಳ ಗುರುತು ಹೋಗುತ್ತೆ.

ಇನ್ನು ‘ಕೇರಳ/ಕಾಸರಗೋಡು’ ಅನ್ನೋ ನನ್ನ ದಾರಿಯೇ ಎಷ್ಟು ಸರಿ? 1956ರ ನವೆಂಬರ್ 1ರವರೆಗೆ ಮಂಜೇಶ್ವರ ಇದ್ದದ್ದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿ. ಆಮೇಲೆ ಕೇರಳ, ಕಣ್ಣೂರು ಜಿಲ್ಲೆ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಅವರು ತೀರಿಕೊಂಡದ್ದು 1963ರಲ್ಲಿ, ಅಂದರೆ ಆ ಜಿಲ್ಲೆ ಹುಟ್ಟುವ ಮೊದಲೇ. ಅವರ ‘ಗೊಲ್ಗೊಥಾ’ವನ್ನು ಕೇರಳದ ಫೋಲ್ಡರಿಗೆ ಹಾಕಿದಾಗ ನಾನು ಕಾಲದೋಷ ಮಾಡಿದ್ದೆ. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಬರಬೇಕು ಅಂತ 1967ರ ಮಹಾಜನ ವರದಿ ಹೇಳಿತು. ಆ ದಾರಿ ಕಾಗದದಲ್ಲೇ ಉಳಿಯಿತು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಕಯ್ಯಾರರ ಆಯುಸ್ಸಿನೊಳಗೇ ಈ ಎಲ್ಲ ದಾರಿಗಳೂ ಹಾದುಹೋದವು.

ಹಾಗಂತ ಉದ್ದ ದಾರಿಯನ್ನೇ ಇಟ್ಟುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಈಗ ಕಡತಕ್ಕೆ ಬರೀ ಕ್ರಮಸಂಖ್ಯೆ ಕೊಡ್ತೀನಿ. ಪಕ್ಕದಲ್ಲೊಂದು ಪಟ್ಟಿ: ಹಳೆಯ ದಾರಿ ಇದ್ದ ಹಾಗೇ, ಪುಟದಲ್ಲಿ ಅಚ್ಚಾದ ಊರಿನ ಹೆಸರು, ವರ್ಷ, ಆ ವರ್ಷದ ಜಿಲ್ಲೆ, ನಾನು ಹುಡುಕಲು ಬಳಸುವ ರೂಪ. ಸ್ಕ್ರಿಪ್ಟ್ ಕೊನೆಯ ಕಂಬಸಾಲನ್ನು ಮಾತ್ರ ಮುಟ್ಟುತ್ತೆ. ಹೊಸ ಹೆಸರು ಮೊದಲೇ ಇದ್ದರೆ ಬರೆಯದೆ ನಿಲ್ಲುತ್ತೆ.

ವಿಮರ್ಶೆಯಲ್ಲೂ ನಾವು ಇದೇ .*/ ಓಡಿಸ್ತೀವಿ ಅನ್ನೋದು ನನ್ನ ಅನುಮಾನ. ‘ಗಡಿನಾಡ ಸಾಹಿತ್ಯ’ ಅಂತ ಒಂದೇ ಹೆಸರಿಟ್ಟು ಜತ್ತ, ತಾಳವಾಡಿ, ಆದೋನಿ, ಕಾಸರಗೋಡು ಎಲ್ಲದರ ‘ಮುನ್ನುಡಿ’ಗಳನ್ನೂ ಒಂದರ ಮೇಲೊಂದು ಬೀಳಿಸ್ತೀವಿ. ಅಲ್ಲಿ ಎಷ್ಟು ಕಳೆದುಹೋಯಿತು ಅಂತ ಎಣಿಸಿ ತೋರಿಸುವ ಸ್ಕ್ರಿಪ್ಟ್ ಇಲ್ಲ. ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.